ಹದಿನೆಂಟು ದಾಟಿದ ಮೇಲೆ

ನಮ್ಮ ತಂಗಿಗೆ ಈಗ 41 ವರ್ಷ. ಹುಟ್ಟಿನಿಂದಲೇ ಬೆನ್ನಿನ ಮೇಲಿದ್ದ ಕಾಫಿಬಣ್ಣದ ದೊಡ್ಡ ಮಚ್ಚೆಯನ್ನು ಅಜ್ಜಿ ಗ್ರಹಣದ ಗುರುತೆಂದು ಹೇಳುತ್ತಿದ್ದರು. ಐದನೆಯ ವಯಸ್ಸಿನಲ್ಲೇ ಮುಟ್ಟು ಕಾಣಿಸಿಕೊಂಡು, ಮುಂದಿನ ಎರಡು ವರ್ಷಗಳಲ್ಲಿ ಎರಡು ಸಲ ತೊಡೆಯ ಮೂಳೆ ಮುರಿದಾಗ, ಈ ಮೂರೂ ಒಂದೇ ಬೇರಿನವೆಂದು ತಿಳಿಯಿತು. ಕಾಯಿಲೆಯ ಹೆಸರು ಮೆಕ್‌ಕ್ಯೂನ್-ಆಲ್‌ಬ್ರೈಟ್ ಸಿಂಡ್ರೋಮ್. 1937ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಇದನ್ನು ಬೇರೆ ಬೇರೆಯಾಗಿ ವರ್ಣಿಸಿದರು. ಮೂಲಕಾರಣ ಪತ್ತೆಯಾದದ್ದು 1991ರಲ್ಲಿ.

ಭ್ರೂಣ ಇನ್ನೂ ಕೆಲವೇ ಜೀವಕೋಶಗಳಾಗಿರುವಾಗ ಅವುಗಳಲ್ಲೊಂದರ ವಂಶವಾಹಿಯಲ್ಲಿ ಬದಲಾವಣೆಯಾಗುತ್ತದೆ. ಆ ಕೋಶದ ಸಂತತಿ ದೇಹದಲ್ಲಿ ಎಲ್ಲೆಲ್ಲಿ ನೆಲೆಸಿತೋ ಅಲ್ಲೆಲ್ಲ ಗ್ರಂಥಿಗಳಿಗೆ 'ಇನ್ನು ಸಾಕು' ಎಂಬ ಸೂಚನೆ ಮುಟ್ಟದು. ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ. ಇದು ತಂದೆತಾಯಿಗಳಿಂದ ಬಂದುದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಆದರೆ ಕನ್ನಡದ 'ವಂಶವಾಹಿ' ಎಂಬ ಪದವೇ ನಮಗೆ ವೈರಿಯಾಯಿತು. ವಂಶವನ್ನು ವಹಿಸದ ವಂಶವಾಹಿ ದೋಷವೂ ಉಂಟೆಂದು ಗಂಡಿನ ಕಡೆಯವರಿಗೆ ವಿವರಿಸುವಷ್ಟರಲ್ಲಿ ಎರಡು ಸಂಬಂಧಗಳು ಹಿಂದೆ ಸರಿದವು. ಮೂರನೆಯದನ್ನು ಅವಳೇ ಬೇಡವೆಂದಳು.

ಹದಿನೆಂಟು ತುಂಬಿದಾಗ ಮಕ್ಕಳ ವಿಭಾಗದವರು ಅವಳ ಕಡತವನ್ನು ಮುಚ್ಚಿ ಶುಭ ಹಾರೈಸಿದರು. ಅಲ್ಲಿಂದ ಮುಂದೆ ಮೂಳೆಯ ವೈದ್ಯರಿಗೆ ಹಾರ್ಮೋನು ಕಾಣದು, ಹಾರ್ಮೋನಿನ ವೈದ್ಯರಿಗೆ ಮೂಳೆ ಕಾಣದು. ಕೇಂದ್ರ ಸರ್ಕಾರದ ನೌಕರಿ ನಮ್ಮನ್ನು ಮುಂಬಯಿಯಿಂದ ಹೈದರಾಬಾದಿಗೆ, ಅಲ್ಲಿಂದ ದೆಹಲಿಗೆ ಒಯ್ದಿತು; ಪ್ರತಿ ಊರಿನಲ್ಲೂ ಕಥೆಯನ್ನು ಗ್ರಹಣದ ಮಚ್ಚೆಯಿಂದಲೇ ಆರಂಭಿಸಬೇಕು. ಬಾಗಿದ ತೊಡೆಮೂಳೆಯನ್ನು ವೈದ್ಯರು ಕುರುಬನ ಕೋಲಿಗೆ ಹೋಲಿಸುತ್ತಾರೆ. ನಮ್ಮ ಕಡೆಯ ಕುರುಬರ ಕೋಲು ನೆಟ್ಟಗಿರುತ್ತದೆ. ತುದಿ ಬಾಗಿದ ಆ ಕೋಲನ್ನು ನಾವು ಎಂ.ಎ. ತರಗತಿಯ ಇಂಗ್ಲಿಷ್ ಕಾವ್ಯದಲ್ಲಷ್ಟೇ ಕಂಡವರು.

ಪ್ರಾಯಕ್ಕೆ ಬಂದ ಮೇಲೆ ಮೂಳೆ ಮುರಿಯುವುದು ಕಡಿಮೆಯಾಗುತ್ತದೆ, ಹೊಸ ಜಾಗಗಳಿಗೆ ರೋಗ ಹರಡುವುದು ಅಪರೂಪ. 'ಇನ್ನೇನು, ವಾಸಿಯಾದಂತೆಯೇ' ಎಂದು ನೆಂಟರು ಹೇಳುವುದು ಆಗಲೇ. ನೋವು ಮಾತ್ರ ಹೆಚ್ಚಾಗಿ ಕಾಡುವುದು ದೊಡ್ಡವರನ್ನೇ. ಥೈರಾಯಿಡ್‌ನ ಅತಿಯಾಟ ಮಾತ್ರೆಗೆ ತಗ್ಗಿದರೂ ಮಾತ್ರೆ ಬಿಟ್ಟರೆ ಮರಳುತ್ತದೆ. ಅವಳ ಗ್ರಂಥಿಯನ್ನು ಕೊನೆಗೆ ತೆಗೆಯಬೇಕಾಯಿತು. ರಕ್ತದ ಫಾಸ್ಫೇಟ್ ಇಳಿದರೆ ಮೂಳೆ ಇನ್ನಷ್ಟು ಮೆತ್ತಗಾದೀತು. ಸ್ತನ ಕ್ಯಾನ್ಸರಿನ ಅಪಾಯವೂ ಇಂಥ ಮಹಿಳೆಯರಲ್ಲಿ ಹೆಚ್ಚು, ಆದ್ದರಿಂದ ತಪಾಸಣೆ ಬೇಗ ಆರಂಭವಾಗಬೇಕು.

ನಮ್ಮನ್ನು ಹೆಚ್ಚು ಹೆದರಿಸಿದ್ದು ಕಣ್ಣು. ಅವಳ ಬಲಗಣ್ಣಿನ ನರ ಹಾದುಹೋಗುವ ಮೂಳೆಯಲ್ಲಿಯೂ ರೋಗವಿದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾದರೆ ತಲೆಬುರುಡೆಯ ಮೂಳೆ ಉಬ್ಬಿ ನರವನ್ನು ಒತ್ತಬಹುದೆಂದು ಅದನ್ನು ಔಷಧಿಯಿಂದ ಹತೋಟಿಯಲ್ಲಿಟ್ಟಿದ್ದೇವೆ. ಒಬ್ಬ ಶಸ್ತ್ರಚಿಕಿತ್ಸಕರು ಮುಂಜಾಗ್ರತೆಗೆಂದು ನರದ ಸುತ್ತಲಿನ ಮೂಳೆಯನ್ನು ಕೆತ್ತಿಬಿಡೋಣವೆಂದರು. ದೃಷ್ಟಿ ಸ್ಥಿರವಾಗಿರುವಾಗ ಆ ಶಸ್ತ್ರಚಿಕಿತ್ಸೆಯೇ ಕಣ್ಣಿಗೆ ಕುತ್ತಾದೀತೆಂದು ಇನ್ನೊಬ್ಬರು ತಡೆದರು; ಈ ರೋಗವನ್ನು ಬಲ್ಲ ತಜ್ಞರ ಒಮ್ಮತವೂ ಅದೇ. ನಾವು ರಾತ್ರಿಯೆಲ್ಲ ಚರ್ಚಿಸುತ್ತಿದ್ದಾಗ ಅವಳು, "ಅಣ್ಣಾ, ಅತ್ತಿಗೆ, ಕಣ್ಣು ನನ್ನದು. ಕಾಯೋಣ," ಎಂದು ಹೇಳಿ ಮಲಗಲು ಹೋದಳು.

ಅದಾಗಿ ಆರು ವರ್ಷ. ಅವಳು ಕನ್ನಡ ಪುಸ್ತಕಗಳ ಕರಡು ತಿದ್ದುತ್ತಾಳೆ. ಒಂದು ಅಲ್ಪಪ್ರಾಣ ತಪ್ಪಿದರೂ ಬಿಡುವವಳಲ್ಲ. ಈ ಸಲದ ಕಣ್ಣಿನ ಪರೀಕ್ಷೆ ಆಷಾಢದಲ್ಲಿ. ಅಷ್ಟರೊಳಗೆ ಮುಗಿಸಬೇಕಾದ ಮುನ್ನೂರು ಪುಟಗಳು ಅವಳ ಮೇಜಿನ ಮೇಲಿವೆ.