ಗ್ರಂಥವೂ ಗಂಟೂ

ಗ್ರಂಥವೆಂಬ ಶಬ್ದದ ಧಾತುವಿಗೆ ಕಟ್ಟುವುದು, ಪೋಣಿಸುವುದು ಎಂದರ್ಥ. ಪಾಠಶಾಲೆಯಲ್ಲಿ ಓಲೆಗರಿಯ ಕಟ್ಟುಗಳನ್ನು ಓದಿದವರಿಗೆ ಒಂದು ಸಂಗತಿ ಗೊತ್ತು: ಗರಿಯನ್ನು ಓದಬೇಕಾದರೆ ದಾರವನ್ನು ಸಡಿಲಿಸಬೇಕು, ಆದರೆ ದಾರವನ್ನು ಕಳಚಿಬಿಡಬಾರದು, ಗರಿಗಳು ಚೆದರಿಹೋದಾವು. ಜೀವಕೋಶದೊಳಗಿನ ಡಿ.ಎನ್.ಎ. ಎಂಬ ಸೂತ್ರದ ವೃತ್ತಾಂತವನ್ನು ಈಚೆಗೆ ಓದುತ್ತಿರುವಾಗ ನನಗೆ ಈ ದಾರವೇ ಮೇಲಿಂದ ಮೇಲೆ ನೆನಪಾಗುತ್ತಿದ್ದಿತು.

ನಮ್ಮ ಒಂದು ಜೀವಕೋಶದಲ್ಲಿ ಸಾಮಾನ್ಯವಾಗಿ ಈ ಸೂತ್ರದ ಒಟ್ಟು ಉದ್ದ ಸುಮಾರು 2 ಮೀಟರು. ಅದನ್ನು ಅಡಗಿಸಿಕೊಂಡಿರುವ ಕೋಶಕೇಂದ್ರದ ಅಡ್ಡಳತೆಯಾದರೋ ಮಿಲಿಮೀಟರಿನ ಸಾವಿರದಲ್ಲಿ ಆರೇಳು ಪಾಲು ಮಾತ್ರ! ಇದನ್ನು ಸಿಕ್ಕಾಗದಂತೆ ಇರಿಸುವ ಕೆಲಸ ಹಿಸ್ಟೋನ್ ಎಂಬ ಪ್ರೋಟೀನುಗಳದು. ಜರ್ಮನಿಯ ಕಾಸೆಲ್ ಎಂಬ ವಿದ್ವಾಂಸನು 1884ರಲ್ಲಿಯೇ ಹೆಬ್ಬಾತಿನ ರಕ್ತಕಣಗಳಿಂದ ಇವನ್ನು ಬೇರ್ಪಡಿಸಿದ್ದನು. ಕಟ್ಟಿನ ಕ್ರಮವು ಹೊಳೆದದ್ದು 1974ರಲ್ಲಿ, ರೋಜರ್ ಕಾರ್ನ್‌ಬರ್ಗನಿಗೆ. ಎಂಟು ಹಿಸ್ಟೋನುಗಳು ಕೂಡಿ ಒಂದು ಉರುಳೆಯಾಗುತ್ತವೆ. ಸೂತ್ರವು ಅದನ್ನು ಎರಡು ಸುತ್ತಿಗೆ ತುಸು ಕಡಿಮೆಯಾಗಿ ಸುತ್ತಿಕೊಂಡು ಮುಂದಿನ ಉರುಳೆಗೆ ಸಾಗುತ್ತದೆ. ಸೂತ್ರದ್ದು ಋಣ ವಿದ್ಯುದಂಶ, ಹಿಸ್ಟೋನಿನದು ಧನ. ಆದುದರಿಂದಲೇ ಈ ಅಂಟು.

ಇಲ್ಲೊಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲಾರೆ. ನಾಲ್ಕನೆಯ ಬಗೆಯ ಹಿಸ್ಟೋನಿನಲ್ಲಿ 102 ಘಟಕಗಳುಂಟು. ಬಟಾಣಿಗಿಡದ್ದನ್ನೂ ಹಸುವಿನದನ್ನೂ ಹೋಲಿಸಿದರೆ ವ್ಯತ್ಯಾಸವು ಎರಡೇ ಘಟಕಗಳಲ್ಲಿ! ಘನಪಾಠಿಗಳೂ ತಲೆದೂಗಬೇಕಾದ ಪಾಠಶುದ್ಧಿ ಇದು.

ಚರ್ಮದ ಕೋಶಕ್ಕೂ ನರದ ಕೋಶಕ್ಕೂ ಇರುವ ಗ್ರಂಥ ಒಂದೇ. ಬಿಚ್ಚಿದ ಗರಿಗಳು ಮಾತ್ರ ಬೇರೆ ಬೇರೆ. ಬಿಚ್ಚುವ ಬಗೆ ಹೇಗೆ? ಹಿಸ್ಟೋನುಗಳ ಬಾಲದಂಥ ತುದಿಗಳು ಉರುಳೆಯ ಹೊರಗೆ ಚಾಚಿಕೊಂಡಿವೆ. ಅವುಗಳಿಗೆ ಅಸಿಟೈಲ್ ಎಂಬ ಸಣ್ಣ ಗುಂಪೊಂದು ಸೇರಿದರೆ ಧನಾಂಶ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಇದನ್ನು 1964ರಲ್ಲಿಯೇ ಆಲ್‌ಫ್ರೆ ಎಂಬಾತನು ಸೂಚಿಸಿದ್ದನು. ಗುರುತು ಹಚ್ಚುವ ಪ್ರೋಟೀನುಗಳು ಕೆಲವು, ಓದುವವು ಕೆಲವು, ಅಳಿಸುವವು ಕೆಲವು; ಶಕ್ತಿಯನ್ನು ವ್ಯಯಿಸಿ ಉರುಳೆಯನ್ನೇ ಅತ್ತಿತ್ತ ಸರಿಸುವವೂ ಉಂಟು. ನಮ್ಮ ಓಲೆಯ ದಾರಕ್ಕೆ ಇಷ್ಟು ಬುದ್ಧಿ ಎಲ್ಲಿಯದು!

‘ಅದು ರಕ್ತದಲ್ಲೇ ಬಂದದ್ದು’ ಎಂಬ ತೀರ್ಪನ್ನು ಉಪಾಧ್ಯಾಯರ ಕೋಣೆಗಳಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಹತ್ತು ವರ್ಷದ ಹುಡುಗನ ವಿಷಯದಲ್ಲಿಯೂ ಕೇಳಿದ್ದೇನೆ. ಆ ಮಾತು ನನಗೆಂದೂ ಒಪ್ಪಿಗೆಯಾದುದಲ್ಲ. ಬರೆಹ ಇದ್ದ ಮಾತ್ರಕ್ಕೆ ಅದು ಓದಲ್ಪಟ್ಟಿತೆಂದು ಹೇಳುವಂತಿಲ್ಲವಷ್ಟೆ. ಹಾಗೆಂದು, ಸದ್ವಿಚಾರದಿಂದ ಈ ಗಂಟುಗಳನ್ನೆಲ್ಲ ನಮ್ಮಿಚ್ಛೆಯಂತೆ ಬಿಚ್ಚಬಹುದೆಂದು ಈಗ ಕೆಲವರು ಉಪನ್ಯಾಸ ಮಾಡುತ್ತಿರುವುದನ್ನೂ ನಾನು ಒಪ್ಪಲಾರೆ. ಕಟ್ಟುವ ಪ್ರೋಟೀನುಗಳ ವಿಧಿಯೂ ಅದೇ ಗ್ರಂಥದಲ್ಲಿಯೇ ಬರೆದಿದೆ.

ಕಟ್ಟು ಕೆಟ್ಟರೆ ರೋಗವೂ ಉಂಟು. ಅನೇಕ ಅರ್ಬುದಗಳಲ್ಲಿ ಮುಚ್ಚಿರಬೇಕಾದುದು ತೆರೆದಿರುತ್ತದೆ, ತೆರೆದಿರಬೇಕಾದುದು ಮುಚ್ಚಿರುತ್ತದೆ. ಚರ್ಮದಲ್ಲಿ ತೋರುವ ಒಂದು ಬಗೆಯ ಲಿಂಫೋಮಾಕ್ಕೆ ವೊರಿನೊಸ್ಟಾಟ್ ಎಂಬ ಔಷಧಿಯನ್ನು ಅಮೆರಿಕದಲ್ಲಿ 2006ರಲ್ಲಿ ಅಂಗೀಕರಿಸಿದರು. ಅದು ಸೂತ್ರದ ಒಂದಕ್ಷರವನ್ನೂ ತಿದ್ದುವುದಿಲ್ಲ. ಅಸಿಟೈಲ್ ಗುರುತನ್ನು ಅಳಿಸುವ ಪ್ರೋಟೀನುಗಳನ್ನು ತಡೆಯುತ್ತದೆ, ಅಷ್ಟೆ. ಆದರೆ ಬೇಕಾದ ಗರಿ ಯಾವುದು, ಬೇಡದ್ದು ಯಾವುದು ಎಂಬ ವಿವೇಕ ಅದಕ್ಕಿಲ್ಲ. ಅದನ್ನು ಸೇವಿಸಿದ ರೋಗಿಗಳು ಆಯಾಸ, ಓಕರಿಕೆ, ಭೇದಿಗಳನ್ನು ಅನುಭವಿಸುವುದುಂಟು.