ಶಿಫ್ಟ್ ಬದಲಾಯ್ತು, ಪದ ಉಳಿಯಿತು

ಬಂಗಾರಪೇಟೆ ಸ್ಟೇಷನ್ ಕೋಡ್ ಇವತ್ತಿಗೂ ‘ಬಿಡಬ್ಲ್ಯುಟಿ’. ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಅದರಲ್ಲಿ ಉಳಿದುಕೊಂಡಿದೆ. ಇಲ್ಲಿಂದ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ್, ಉರಿಗಾಂ, ಚಾಂಪಿಯನ್. ಒಂದೊಂದು ಸ್ಟೇಷನ್ನಿಗೆ ಒಂದೊಂದು ಭಾಷೆಯ ಹೆಸರು!

1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಹಿಂದೆಯೇ ತಮಿಳು, ತೆಲುಗು ಕಾರ್ಮಿಕರು ಬಂದರು. ಕನ್ನಡದ ಜೊತೆ ‘ಶಾಫ್ಟ್’, ‘ಶಿಫ್ಟ್’ ಕೂಡ ಮನೆಮಾತಾದವು. 2001ರಲ್ಲಿ ಗಣಿ ಮುಚ್ಚಿತು.

ಈಗ ಬೆಂಗಳೂರಿಗೆ ಹೊರಟ ಬೆಳಗಿನ ರೈಲಿನಲ್ಲಿ ಅಮ್ಮನಿಗೆ ತಮಿಳು, ಪಕ್ಕದವರಿಗೆ ಕನ್ನಡ, ಮ್ಯಾನೇಜರ್‌ಗೆ ಇಂಗ್ಲಿಷ್. ‘ಶಿಫ್ಟ್’ ಹಾಗೇ ಇದೆ, ಆದರೆ ಈಗ ಅದು ಆಫೀಸಿನದು. ‘ಶಾಫ್ಟ್’ ಮಾತ್ರ ತಾತನ ಜೊತೆಗೇ ಹೋಗ್ತಿದೆ. ನಿಮ್ಮನೇಲೂ ಗಣಿಗಿಳಿದ ಹಿರಿಯರಿದ್ದರೆ, ಈ ಭಾನುವಾರ ಅವರ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡಿಡಿ.