ಅವ್ವ, ಆಯಿ, ಮಾವುಲಿ

ಗದಗದಿಂದ ಸಾಸವಡಕ್ಕೆ ಸೊಸೆಯಾಗಿ ಬಂದ ಆಕೆಯನ್ನು ಎರಡು ವರ್ಷದ ಮಗ ‘ಅವ್ವ’ ಎನ್ನುವುದಿಲ್ಲ, ‘ಆಯಿ’ ಎನ್ನುತ್ತಾನೆ. ಮನೆಯಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ಮಗುವನ್ನು ಮಲಗಿಸುವಾಗ ತವರಿನಿಂದ ತಂದ ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಾಳೆ, ಮಾತು ಕಿವಿಗಾದರೂ ಬೀಳಲಿ ಎಂದು.

ಆಷಾಢದ ವಾರಿಯಲ್ಲಿ ಜ್ಞಾನೇಶ್ವರರ ಪಾಲಖಿ ದಿವೆ ಘಾಟ್ ಹತ್ತಿ ಬಂದು ಇಲ್ಲಿ ಎರಡು ರಾತ್ರಿ ತಂಗುತ್ತದೆ. ಅವರ ತಮ್ಮ ಸೋಪಾನದೇವರ ಸಮಾಧಿ ಇರುವುದೂ ಈ ಊರಲ್ಲೇ. ವಾರಕರಿಗಳು ಜ್ಞಾನೇಶ್ವರರನ್ನು ಕರೆಯುವುದು ‘ಮಾವುಲಿ’ ಎಂದು, ಅಂದರೆ ತಾಯಿ. ಆ ಮಾವುಲಿಯೇ ಅಭಂಗವೊಂದರಲ್ಲಿ ವಿಠ್ಠಲನನ್ನು ಕನ್ನಡದವನೆಂದು ಹಾಡಿದ್ದಾರೆ.

ಈ ಸಲ ಮನೆಯವರೆಲ್ಲ ಪಂಢರಪುರಕ್ಕೆ ಹೊರಟಿದ್ದಾರೆ. ದೇವರ ಮುಂದೆ ಬೇಡಿಕೊಳ್ಳಲು ಆಕೆ ಮಗನಿಗೆ ಎರಡು ಕನ್ನಡದ ಮಾತು ಕಲಿಸುತ್ತಿದ್ದಾಳೆ. ಕೇಳಿಸಿಕೊಂಡ ಅತ್ತೆ, ‘ಕಲಿಸು, ವಿಠೋಬನಿಗೆ ಎರಡೂ ಬರುತ್ತದೆ’ ಎಂದರು.